ಕಡಲಿನ ಆಮ್ಲತೆ: ವರ್ಷಕ್ಕೆ 0.002ರಷ್ಟು ಬದಲಾವಣೆಯನ್ನು ಅಳೆಯುವ ಬಗೆ

‘ಸಮುದ್ರ ಆಮ್ಲವಾಗುತ್ತಿದೆ’ ಎಂಬ ತಲೆಬರಹ ನಾವು ಓದುವ ಕನ್ನಡ ಪತ್ರಿಕೆಗಳಲ್ಲೂ ಮಲಯಾಳ ಪತ್ರಿಕೆಗಳಲ್ಲೂ ಆಗಾಗ ಕಾಣಿಸಿಕೊಳ್ಳುತ್ತದೆ. ತಲೆಬರಹವನ್ನಷ್ಟೇ ಓದಿದವರಿಗೆ ಎರಡು ತಪ್ಪು ಕಲ್ಪನೆಗಳು ಬರುವುದು ಸಹಜ. ಕಡಲ ನೀರು ಆಗಲೇ ಹುಳಿಯಾಗಿಬಿಟ್ಟಿದೆ ಎಂಬುದು ಒಂದು. ಯಾರೋ ಒಂದು ಮೀಟರನ್ನು ನೀರಿಗೆ ಅದ್ದಿ ಇದನ್ನು ಕಂಡುಹಿಡಿದರು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಡಲಿನ ಮಗ್ಗುಲಲ್ಲೇ ಬದುಕುವ ನಾವು ಈ ಲೆಕ್ಕ ಎಲ್ಲಿಂದ ಬಂತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು ಎಂದು ಈ ಲೇಖನ.

ಆಮ್ಲತೆಯ ಅಳತೆಗೆ ಪಿಎಚ್ ಎಂದು ಹೆಸರು. 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ತೆರೆದ ಸಾಗರದ ಮೇಲ್ಮೈ ನೀರಿನ ಪಿಎಚ್ ಕೈಗಾರಿಕಾ ಕ್ರಾಂತಿಗೆ ಮೊದಲು ಸರಾಸರಿ 8.2ರಷ್ಟಿತ್ತು, ಈಗ 8.1ರ ಆಸುಪಾಸಿನಲ್ಲಿದೆ. ಅಂದರೆ ಕಡಲು ಇಂದಿಗೂ ಕ್ಷಾರೀಯವೇ. ಮೂವತ್ತೈದು ಡಿಗ್ರಿಯ ಬಿಸಿಲು ಮೂವತ್ತಕ್ಕೆ ಇಳಿದರೆ ತಂಪಾಯಿತು ಎನ್ನುತ್ತೇವೆಯೇ ಹೊರತು ಮಂಜುಗಟ್ಟಿತು ಎನ್ನುವುದಿಲ್ಲವಷ್ಟೆ. ‘ಆಮ್ಲೀಕರಣ’ ಎಂಬ ಮಾತನ್ನೂ ಹಾಗೆಯೇ ತೆಗೆದುಕೊಳ್ಳಬೇಕು. ಅದು ನೀರು ಸಾಗುತ್ತಿರುವ ದಿಕ್ಕನ್ನು ಹೇಳುತ್ತದೆ.

ಹಾಗೆಂದು 0.1 ಎಂಬುದು ಸಣ್ಣ ಸಂಖ್ಯೆಯಲ್ಲ. ಪಿಎಚ್ ಲಾಗರಿದಮ್ ಲೆಕ್ಕದ ಅಳತೆ. ಅದು ಒಂದು ಅಂಕ ಇಳಿದರೆ ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾಗುತ್ತವೆ, 0.1 ಇಳಿದರೆ ಸುಮಾರು 26 ಶೇಕಡಾ ಹೆಚ್ಚುತ್ತವೆ. ಈ ಅಳತೆಗೋಲನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಸೋರೆನ್‌ಸೆನ್. ಅವರು ಕೆಲಸ ಮಾಡುತ್ತಿದ್ದುದು ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ಕಂಪೆನಿಯ ಪ್ರಯೋಗಾಲಯದಲ್ಲಿ. ಪೀಪಾಯಿಯ ಹುದುಗಿಗಾಗಿ ಹುಟ್ಟಿದ ಅಳತೆಯೊಂದು ಸಾಗರಕ್ಕೆ ಬಂದದ್ದು ಹೀಗೆ.

ಬದಲಾವಣೆಯ ಮೂಲ ಕಾರಣ ಗಾಳಿಯಲ್ಲಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸರಿಸುಮಾರು ಕಾಲು ಭಾಗವನ್ನು ಸಾಗರ ಹೀರಿಕೊಳ್ಳುತ್ತದೆ. ನೀರಿನೊಂದಿಗೆ ಸೇರಿದ ಈ ಅನಿಲ ಕಾರ್ಬಾನಿಕ್ ಆಮ್ಲವಾಗಿ, ಆ ಆಮ್ಲದಿಂದ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಅವು ನೀರಿನಲ್ಲಿರುವ ಕಾರ್ಬೊನೇಟಿಗೆ ಅಂಟಿಕೊಂಡು ಅದನ್ನು ಬೈಕಾರ್ಬೊನೇಟ್ ಆಗಿ ಮಾಡಿಬಿಡುತ್ತವೆ. ತೊಂದರೆ ಇರುವುದು ಇಲ್ಲಿಯೇ. ಪಚ್ಚಿಲೆ, ಮರುವಾಯಿ, ಹವಳ ಮತ್ತು ಅನೇಕ ಬಗೆಯ ಸೂಕ್ಷ್ಮಜೀವಿಗಳು ಚಿಪ್ಪು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಎಂದರೆ ಹಿಂದೆ ನಮ್ಮೂರುಗಳಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಅದೇ ಸರಕಿನಿಂದ. ಕಾರ್ಬೊನೇಟ್ ಕಡಿಮೆಯಾದಷ್ಟೂ ಚಿಪ್ಪು ಕಟ್ಟುವ ಶ್ರಮ ಹೆಚ್ಚು. ನಮ್ಮ ಜಿಲ್ಲೆಯ ಪಡನ್ನ, ವಲಿಯಪರಂಬ ಕಡೆಯ ಹಿನ್ನೀರಿನಲ್ಲಿ ಹಗ್ಗಕ್ಕೆ ಪಚ್ಚಿಲೆ ಮರಿ ಕಟ್ಟಿ ಬೆಳೆಸುವ ಮಹಿಳಾ ಸ್ವಸಹಾಯ ಗುಂಪುಗಳಿಗೆ ಈ ರಸಾಯನಶಾಸ್ತ್ರ ದೂರದ ಸಂಗತಿಯಲ್ಲ.

ಅಳೆಯುವುದು ಏಕೆ ಕಷ್ಟ

ಶಾಸ್ತ್ರೋತ್ಸವಕ್ಕೆ ಸಿದ್ಧರಾಗುವ ಮಕ್ಕಳು ಪಿಎಚ್ ಕಾಗದದ ಪಟ್ಟಿ ಹಿಡಿದು ಕಡಲ ನೀರು ಪರೀಕ್ಷಿಸುವುದುಂಟು. ಪಾಠ ಕಲಿಯಲು ಅದು ಚೆನ್ನ. ಆದರೆ ಆ ಪಟ್ಟಿಯ ಬಣ್ಣದಲ್ಲಿ ಅರ್ಧ ಅಂಕದ ವ್ಯತ್ಯಾಸ ಕಾಣುವುದೇ ಹೆಚ್ಚು. ಕಡಿಮೆ ಬೆಲೆಯ ಕೈಮೀಟರು 0.1ರವರೆಗೆ ತೋರಿಸಬಹುದು. ತೆರೆದ ಸಾಗರದಲ್ಲಿ ನಡೆಯುತ್ತಿರುವ ಬದಲಾವಣೆಯೋ ವರ್ಷಕ್ಕೆ ಸುಮಾರು 0.002. ಅಂತಹ ಮೀಟರಿನ ಒಂದೇ ಒಂದು ಅಂಕಿ ಬದಲಾಗಬೇಕಾದರೆ ಐವತ್ತು ವರ್ಷ ಕಾಯಬೇಕು, ಅಷ್ಟು ವರ್ಷ ಮೀಟರೂ ಸರಿಯಾಗಿರಬೇಕು.

ಉಷ್ಣತೆಯದ್ದು ಮತ್ತೊಂದು ತೊಡಕು. ಶೀಶೆಯಲ್ಲಿ ಮುಚ್ಚಿಟ್ಟ ಕಡಲ ನೀರು ಒಂದು ಡಿಗ್ರಿ ಬಿಸಿಯಾದರೆ ಅದರ ಪಿಎಚ್ ಸುಮಾರು 0.015 ಇಳಿಯುತ್ತದೆ. ಎಂಟು ವರ್ಷಗಳ ಆಮ್ಲೀಕರಣಕ್ಕೆ ಸಮನಾದ ತಪ್ಪು, ಶೀಶೆಯನ್ನು ನೆರಳಿನಿಂದ ಬಿಸಿಲಿಗೆ ಇಟ್ಟ ಮಾತ್ರಕ್ಕೆ ಆಗಿಹೋಗುತ್ತದೆ. ಹೀಗಾಗಿ ಉಷ್ಣತೆ ಬರೆದಿಡದ ಪಿಎಚ್ ಅಂಕಿಗೆ ದೀರ್ಘಕಾಲದ ಲೆಕ್ಕದಲ್ಲಿ ಜಾಗವಿಲ್ಲ.

ಗಾಜಿನ ಎಲೆಕ್ಟ್ರೋಡ್ ಇರುವ ಮೀಟರುಗಳಿಂದ ಇಪ್ಪತ್ತನೆಯ ಶತಮಾನದಲ್ಲಿ ಸಾಗರದ ಪಿಎಚ್ ಬೇಕಾದಷ್ಟು ಅಳೆದಿದ್ದಾರೆ. ಆ ಹಳೆಯ ಅಂಕಿಗಳನ್ನೆಲ್ಲ ಸಾಲಾಗಿ ಇಟ್ಟು ನೂರು ವರ್ಷದ ಗೆರೆ ಎಳೆಯಬಹುದಲ್ಲ ಎಂದು ಅನ್ನಿಸೀತು. ಆಗುವುದಿಲ್ಲ. ಎಲೆಕ್ಟ್ರೋಡ್ ದಿನ ಕಳೆದಂತೆ ತನ್ನಷ್ಟಕ್ಕೆ ಸರಿಯುತ್ತದೆ. ಅದನ್ನು ಸರಿಹೊಂದಿಸಲು ಬಳಸುತ್ತಿದ್ದ ದ್ರಾವಣಗಳು ಸಿಹಿನೀರಿಗೆ ತಕ್ಕಂಥವು, ಕಡಲ ಉಪ್ಪಿನಲ್ಲಿ ಅವುಗಳ ಲೆಕ್ಕ ತಪ್ಪುತ್ತದೆ. ಸಾಲದ್ದಕ್ಕೆ, ಪಿಎಚ್‌ಗೆ ಒಂದೇ ಮಾಪನ ಕ್ರಮವಿಲ್ಲ. ಹಳೆಯ ಕ್ರಮಕ್ಕೂ ಸಾಗರವಿಜ್ಞಾನಿಗಳು ಈಗ ಬಳಸುವ ಕ್ರಮಕ್ಕೂ ನಡುವೆ ಸುಮಾರು 0.1ರ ಅಂತರವಿದೆ. ಇನ್ನೂರು ವರ್ಷಗಳಲ್ಲಿ ಸಾಗರ ಬದಲಾದದ್ದೇ ಅಷ್ಟು! ಹಳೆಯ ಸೇರನ್ನೂ ಇಂದಿನ ಲೀಟರನ್ನೂ ಒಂದೇ ಎಂದುಕೊಂಡು ಹಾಲಿನ ಲೆಕ್ಕ ಬರೆದ ಹಾಗಾಗುತ್ತದೆ.

ಬಣ್ಣ, ಶೀಶೆ, ಲೆಕ್ಕ

ಈ ಗೋಜಲಿನಿಂದ ಹೊರಬರುವ ದಾರಿ ಒಂದು ಬಣ್ಣದಲ್ಲಿ ಸಿಕ್ಕಿತು. ಅರಸಿನ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಗಾಗುವ ಕುರ್ದಿ ನೀರು ನಮಗೆಲ್ಲ ಗೊತ್ತು. ಕ್ಷಾರ ತಾಗಿದಾಗ ಅರಸಿನದ ಬಣ್ಣದ ಅಣು ರೂಪ ಬದಲಿಸುವುದರಿಂದ ಹಾಗಾಗುತ್ತದೆ. ಕಡಲ ನೀರಿಗೆ ಬಳಸುವ ಬಣ್ಣದ ಹೆಸರು ಮೆಟಾ-ಕ್ರೆಸಾಲ್ ಪರ್ಪಲ್. ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ನೇರಳೆ. ಕಡಲ ನೀರಿನಲ್ಲಿ ಎರಡೂ ರೂಪಗಳು ಬೆರೆತಿರುತ್ತವೆ. ಅದರ ಮೂಲಕ ಬೆಳಕು ಹಾಯಿಸಿ, 434 ಮತ್ತು 578 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಎಷ್ಟೆಷ್ಟು ಬೆಳಕು ಹೀರಲ್ಪಟ್ಟಿತು ಎಂದು ನೋಡಿದರೆ ಎರಡು ರೂಪಗಳ ಅನುಪಾತ ತಿಳಿಯುತ್ತದೆ, ಅದರಿಂದ ಪಿಎಚ್ ತಿಳಿಯುತ್ತದೆ. ಅಮೆರಿಕದ ಕ್ಲೇಟನ್ ಮತ್ತು ಬರ್ನ್ 1993ರಲ್ಲಿ ಈ ವಿಧಾನದ ಲೆಕ್ಕವನ್ನು ಖಚಿತವಾಗಿ ಕಟ್ಟಿಕೊಟ್ಟರು. ಅನುಪಾತವನ್ನು ಅಳೆಯುವುದರಿಂದ ಉಪಕರಣ ತುಸು ಹಳತಾದರೂ ಫಲಿತಾಂಶ ಸರಿಯುವುದಿಲ್ಲ. ಇದೇ ಅದರ ಹೆಚ್ಚುಗಾರಿಕೆ. ಆದರೆ ಬಣ್ಣದ ಪುಡಿಯಲ್ಲೇ ಕಲಬೆರಕೆ ಇದ್ದರೆ? ಬೇರೆ ಬೇರೆ ತಯಾರಕರ ಪುಡಿಗಳು ಬೇರೆ ಬೇರೆ ಉತ್ತರ ಕೊಡುವುದು ಕಂಡುಬಂದ ಮೇಲೆ, ಬಣ್ಣವನ್ನು ಶುದ್ಧೀಕರಿಸಿ ಬಳಸುವ ರೂಢಿ ಬಂತು.

ನೀರು ತರುವುದೂ ಸುಲಭದ ಮಾತಲ್ಲ. ಗೋಲಿ ಸೋಡಾ ಒಡೆದಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸಪ್ಪೆಯಾಗುತ್ತದೆ, ಒಳಗಿನ ಅನಿಲ ಹೋಗಿರುತ್ತದೆ. ಕಡಲ ನೀರಿನ ಮಾದರಿಯೂ ಗಾಳಿಯೊಂದಿಗೆ ಅನಿಲವನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಗುಳ್ಳೆ ಏಳದಂತೆ ಶೀಶೆಯ ತಳದಿಂದ ನೀರು ತುಂಬಿ, ಉಕ್ಕಿ ಹರಿಯಲು ಬಿಟ್ಟು, ಬಿಗಿಯಾಗಿ ಮುಚ್ಚುತ್ತಾರೆ. ಒಳಗಿರುವ ಸೂಕ್ಷ್ಮಜೀವಿಗಳು ಉಸಿರಾಡಿದರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಕಾದಿಡಬೇಕಾದ ಮಾದರಿಗೆ ಒಂದಿಷ್ಟು ಮರ್ಕ್ಯುರಿಕ್ ಕ್ಲೋರೈಡ್ ಹಾಕುವ ಕ್ರಮವಿದೆ. ಅದು ಕಡು ವಿಷ, ಶಾಲೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ.

ಒಂದು ಪ್ರಯೋಗಾಲಯದ 8.07 ಇನ್ನೊಂದರಲ್ಲೂ 8.07 ಆಗಿರುತ್ತದೆ ಎಂಬ ಭರವಸೆ ಹೇಗೆ? ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಅವರ ಪ್ರಯೋಗಾಲಯ 1990ರ ದಶಕದ ಆರಂಭದಿಂದ ಇದಕ್ಕಾಗಿ ಪ್ರಮಾಣಿತ ಕಡಲ ನೀರನ್ನು ಶೀಶೆಗಳಲ್ಲಿ ತುಂಬಿ ಜಗತ್ತಿಗೆಲ್ಲ ಕಳಿಸುತ್ತಾ ಬಂತು. ಆ ನೀರಿನಲ್ಲಿ ಕರಗಿದ ಇಂಗಾಲ ಎಷ್ಟು, ಕ್ಷಾರತೆ ಎಷ್ಟು ಎಂಬುದು ಮೊದಲೇ ಖಚಿತವಾಗಿ ಗೊತ್ತಿರುತ್ತದೆ. ಅದನ್ನು ಅಳೆದು ಅದೇ ಉತ್ತರ ಬಂದರೆ ಮಾತ್ರ ನಿಮ್ಮ ಉಪಕರಣವನ್ನು ನಂಬಬಹುದು. ತೂಕದಂಗಡಿಯ ಕಲ್ಲುಗಳಿಗೆ ಸರಕಾರದ ಮುದ್ರೆ ಇದ್ದ ಹಾಗೆ ಇದು. ಸಾಗರದ ಆಮ್ಲತೆಯ ಕಥೆಯಲ್ಲಿ ಹಡಗು, ಉಪಗ್ರಹಗಳ ಚಿತ್ರಗಳೇ ಹೆಚ್ಚು ಅಚ್ಚಾಗುತ್ತವೆ. ನಮ್ಮ ದೃಷ್ಟಿಯಲ್ಲಿ ಈ ಶೀಶೆಗಳ ಕೆಲಸ ಅವಕ್ಕಿಂತ ಒಂದು ಕೈ ಮೇಲು.

ಇನ್ನೊಂದು ಅನುಕೂಲವನ್ನೂ ಹೇಳಬೇಕು. ಪಿಎಚ್, ಕ್ಷಾರತೆ, ಕರಗಿದ ಒಟ್ಟು ಅಜೈವಿಕ ಇಂಗಾಲ, ಕಾರ್ಬನ್ ಡೈಆಕ್ಸೈಡಿನ ಒತ್ತಡ ಈ ನಾಲ್ಕು ಒಂದಕ್ಕೊಂದು ಬೆಸೆದುಕೊಂಡಿವೆ. ಯಾವುದಾದರೂ ಎರಡು ಗೊತ್ತಿದ್ದರೆ, ಉಷ್ಣತೆ ಮತ್ತು ಲವಣಾಂಶದ ನೆರವಿನಿಂದ ಉಳಿದೆರಡನ್ನು ಲೆಕ್ಕ ಹಾಕಬಹುದು. ಮೂರನ್ನು ಅಳೆದರೆ ಜಮೆ-ಖರ್ಚಿನ ತಾಳೆ ನೋಡಿದಂತೆ ಒಂದರಿಂದ ಇನ್ನೊಂದನ್ನು ಪರೀಕ್ಷಿಸಬಹುದು.

ಒಂದೇ ಜಾಗಕ್ಕೆ ಮತ್ತೆ ಮತ್ತೆ

ದೀರ್ಘಕಾಲದ ಅಳತೆಯ ದಾರಿ ಹಾಕಿಕೊಟ್ಟವರು ಚಾರ್ಲ್ಸ್ ಡೇವಿಡ್ ಕೀಲಿಂಗ್. 1958ರ ಮಾರ್ಚಿನಲ್ಲಿ ಅವರು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯಲು ತೊಡಗಿದಾಗ ಅದು ದಶಲಕ್ಷಕ್ಕೆ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. 1964ರ ವಸಂತದಲ್ಲಿ ಹಣ ಕಡಿತವಾಗಿ ಕೆಲವು ತಿಂಗಳು ಅಳತೆ ನಿಂತಿತು. ಆ ಖಾಲಿ ಜಾಗ ಇಂದಿಗೂ ಅವರ ಗ್ರಾಫಿನಲ್ಲಿ ಹಾಗೆಯೇ ಉಳಿದಿದೆ, ಹಿಂದಕ್ಕೆ ಹೋಗಿ ತುಂಬಲು ಬರುವುದಿಲ್ಲ. ಕೀಲಿಂಗ್ 1983ರಿಂದ ಬರ್ಮುಡಾ ಬಳಿಯ ಕಡಲ ನೀರಿನ ಇಂಗಾಲವನ್ನೂ ಅಳೆಯಲು ಆರಂಭಿಸಿದರು. 1988ರ ಅಕ್ಟೋಬರಿನಲ್ಲಿ ಎರಡು ದೊಡ್ಡ ಯೋಜನೆಗಳು ಒಟ್ಟಿಗೆ ಶುರುವಾದವು. ಒಂದು ಬರ್ಮುಡಾದಲ್ಲಿ, ಇನ್ನೊಂದು ಹವಾಯಿಯ ಒಅಹು ದ್ವೀಪದಿಂದ ಸುಮಾರು 100 ಕಿಲೋಮೀಟರ್ ಉತ್ತರದಲ್ಲಿರುವ ‘ಅಲೋಹಾ’ ಎಂಬ ನಿಲ್ದಾಣದಲ್ಲಿ.

ನಿಲ್ದಾಣ ಎಂದರೆ ಅಲ್ಲಿ ಕಟ್ಟಡವಿಲ್ಲ, ಬಂಡೆಯಿಲ್ಲ. ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಆಳದ ನೀರಿನ ಮೇಲೆ, ನಕಾಶೆಯಲ್ಲಿ ಗುರುತು ಹಾಕಿದ ಒಂದು ಬಿಂದು ಅಷ್ಟೇ. ಸರಿಸುಮಾರು ತಿಂಗಳಿಗೊಮ್ಮೆ ಹಡಗು ಅಲ್ಲಿಗೆ ಹೋಗಿ, ಮೇಲ್ಮೈಯಿಂದ ತಳದವರೆಗೆ ಬೇರೆ ಬೇರೆ ಆಳಗಳಿಂದ ನೀರು ಎತ್ತಿ ತರುತ್ತದೆ. ಇಂತಹ ಯಾನಗಳು 300 ದಾಟಿವೆ. ಒಂದೊಂದು ಯಾನದ ಅಂಕಿಯನ್ನು ಬಿಡಿಯಾಗಿ ನೋಡಿದರೆ ಏನೂ ತಿಳಿಯದು. ಚಳಿಗಾಲ, ಬೇಸಿಗೆಗಳ ಏರಿಳಿತ, ಮಳೆ, ನೀರಿನ ಸುಳಿ ಎಲ್ಲ ಅದರಲ್ಲಿ ಕಲಸಿಕೊಂಡಿರುತ್ತವೆ. ಆದರೆ 1988ರಿಂದ 2007ರವರೆಗಿನ ಅಂಕಿಗಳನ್ನು ಸೇರಿಸಿ 2009ರಲ್ಲಿ ಜಾನ್ ಡೋರ್ ಮತ್ತು ಸಂಗಡಿಗರು ಪ್ರಕಟಿಸಿದಾಗ, ಮೇಲ್ಮೈ ನೀರಿನ ಪಿಎಚ್ ವರ್ಷಕ್ಕೆ 0.0019ರಂತೆ ಇಳಿದಿರುವುದು ಸ್ಪಷ್ಟವಾಗಿತ್ತು. ನೇರವಾಗಿ ಅಳೆದ ಪಿಎಚ್ ಮತ್ತು ಇಂಗಾಲ, ಕ್ಷಾರತೆಗಳಿಂದ ಲೆಕ್ಕ ಹಾಕಿದ ಪಿಎಚ್ ಪರಸ್ಪರ ಹೊಂದಿಕೊಂಡವು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ ವೇಗದಿಂದ ನಿರೀಕ್ಷಿಸಬಹುದಾದ ಇಳಿಕೆಯೂ ಸುಮಾರು ಅಷ್ಟೇ. ಮೇಲ್ಮೈಯ ಕೆಳಗಿನ ಕೆಲವು ಪದರಗಳಲ್ಲಿ ಇಳಿಕೆ ಇನ್ನೂ ಹೆಚ್ಚಾಗಿತ್ತು ಎಂಬುದು, ತಳದವರೆಗೆ ಶೀಶೆ ಇಳಿಸಿದ್ದರಿಂದಲೇ ಗೊತ್ತಾದದ್ದು.

ಐಸ್‌ಲ್ಯಾಂಡಿನ ಉತ್ತರದ ಕಡಲಿನ ವರದಿ ಇದಕ್ಕಿಂತ ಕಳವಳಕಾರಿ. ಅಲ್ಲಿ ಯೋನ್ ಓಲಾಫ್ಸನ್ 1980ರ ದಶಕದ ಮಧ್ಯದಿಂದ ಮಾದರಿ ತೆಗೆಯುತ್ತಾ ಬಂದರು. ಚಳಿಗಾಲದ ಮೇಲ್ಮೈ ನೀರಿನ ಪಿಎಚ್ ವರ್ಷಕ್ಕೆ 0.0024ರಂತೆ ಇಳಿದಿದೆ. ತಣ್ಣನೆಯ ನೀರಿನಲ್ಲಿ ಕಾರ್ಬೊನೇಟ್ ಮೊದಲೇ ಕಡಿಮೆ, ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಒಂದು ಆಳಕ್ಕಿಂತ ಕೆಳಗೆ ಅರಗೊನೈಟ್ ಎಂಬ ಬಗೆಯ ಚಿಪ್ಪು ಕರಗತೊಡಗುತ್ತದೆ. ಆ ಗಡಿ ಅಲ್ಲಿ ಸುಮಾರು 1,700 ಮೀಟರ್ ಆಳದಲ್ಲಿದ್ದು, ವರ್ಷಕ್ಕೆ 4 ಮೀಟರಿನಂತೆ ಮೇಲಕ್ಕೆ ಬರುತ್ತಿತ್ತು. ಆ ಲೆಕ್ಕದಲ್ಲಿ ಪ್ರತಿ ವರ್ಷ ಇನ್ನೂ 800 ಚದರ ಕಿಲೋಮೀಟರ್ ಕಡಲತಳ, ಅಲ್ಲಿನ ಚಿಪ್ಪುಜೀವಿಗಳ ಸಮೇತ, ಚಿಪ್ಪು ಕರಗಿಸುವ ನೀರಿನ ಅಡಿಗೆ ಬರುತ್ತದೆ.

ಒಂದೊಂದು ಬಿಂದುವಿನಲ್ಲಿ ನಿಂತು ಅಳೆಯುವುದರ ಜತೆಗೆ, ಸಾಗರವನ್ನು ಅಡ್ಡಲಾಗಿ ದಾಟುತ್ತಾ ಸುಮಾರು ಹತ್ತು ವರ್ಷಕ್ಕೊಮ್ಮೆ ಅದೇ ಹಾದಿಯಲ್ಲಿ ನೀರು ತೆಗೆಯುವ ಅಂತಾರಾಷ್ಟ್ರೀಯ ಯಾನಗಳೂ ಇವೆ. ಈಚೆಗೆ ತೇಲುಯಂತ್ರಗಳೂ ಬಂದಿವೆ. 2014ರಿಂದ ದಕ್ಷಿಣ ಮಹಾಸಾಗರದಲ್ಲಿ ಬಿಟ್ಟಿರುವ ಇಂತಹ ಯಂತ್ರಗಳು ತಾವೇ 2,000 ಮೀಟರ್ ಆಳಕ್ಕಿಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು, ಪಿಎಚ್ ಅಂಕಿಗಳನ್ನು ಉಪಗ್ರಹಕ್ಕೆ ರವಾನಿಸುತ್ತವೆ. ಚಳಿಗಾಲದ ಬಿರುಗಾಳಿಯಲ್ಲಿ ಹಡಗು ಹೋಗಲಾರದ ಕಡೆಯಿಂದ ಮಾಹಿತಿ ಬರತೊಡಗಿದ್ದು ಇವುಗಳಿಂದ. ಇವುಗಳ ಸಂವೇದಕವೂ ಸರಿಯುತ್ತದೆ. ಆಳದ ನೀರಿನ ಪಿಎಚ್ ಬಹಳ ನಿಧಾನವಾಗಿ ಬದಲಾಗುವುದರಿಂದ ಅದನ್ನೇ ಆಧಾರವಾಗಿಟ್ಟು ತಿದ್ದುತ್ತಾರೆ. ಆ ಆಳದ ಅಂಕಿ ಬಂದದ್ದು ಮತ್ತೆ ಹಡಗಿನ ಶೀಶೆಗಳಿಂದಲೇ.

ಮೀಟರಿಗಿಂತ ಹಿಂದಿನ ಕಾಲ

ಅಳತೆ ಶುರುವಾಗುವ ಮೊದಲಿನದ್ದನ್ನು ತಿಳಿಯಲು ಜೀವಿಗಳು ಬಿಟ್ಟುಹೋದ ಚಿಪ್ಪುಗಳನ್ನೇ ಕೇಳಬೇಕು. ಕಡಲ ನೀರಿನಲ್ಲಿ ಬೋರಾನ್ ಎರಡು ರೂಪಗಳಲ್ಲಿರುತ್ತದೆ, ಅವುಗಳ ಪ್ರಮಾಣ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ. ಒಂದು ರೂಪವನ್ನು ಹವಳ ಮತ್ತು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಚಿಪ್ಪಿನೊಳಗೆ ಸೇರಿಸಿಕೊಳ್ಳುವುದರಿಂದ, ಬೋರಾನಿನ ಐಸೊಟೋಪುಗಳ ಅನುಪಾತ ನೋಡಿ ಹಳೆಯ ಪಿಎಚ್ ಊಹಿಸಬಹುದು. ಆಸ್ಟ್ರೇಲಿಯದ ಈಶಾನ್ಯಕ್ಕಿರುವ ಫ್ಲಿಂಡರ್ಸ್ ಹವಳದಿಬ್ಬದ ಸುಮಾರು 300 ವರ್ಷಗಳ ಹವಳವೊಂದನ್ನು ಹೀಗೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಪಿಎಚ್ ಸುಮಾರು 50 ವರ್ಷಗಳ ಆವರ್ತನದಲ್ಲಿ ಏರಿಳಿದಿರುವುದು ಕಂಡಿತು. ದಿಬ್ಬದೊಳಗಿನ ನೀರು ತೆರೆದ ಸಾಗರದಂತೆ ವರ್ತಿಸುವುದಿಲ್ಲ ಎಂಬ ಎಚ್ಚರ ಇದರಿಂದ ಬಂತು. ಹತ್ತು ಹದಿನೈದು ವರ್ಷದ ಅಳತೆ ಕೈಯಲ್ಲಿ ಹಿಡಿದು ಅಂತಹ ಜಾಗದ ಭವಿಷ್ಯ ಹೇಳಹೊರಟರೆ ಎಡವುವುದು ಖಂಡಿತ.

ನಮಗೆ ಬಹಳ ಹಿಡಿಸಿದ ಉದಾಹರಣೆ ಮ್ಯೂಸಿಯಮ್ಮಿನ ಬೀರುವಿನಿಂದ ಬಂದದ್ದು. 1872ರಿಂದ 1876ರವರೆಗೆ ಲೋಕ ಸುತ್ತಿದ ‘ಚಾಲೆಂಜರ್’ ಎಂಬ ಬ್ರಿಟಿಷ್ ಹಡಗು ತಂದ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಲಂಡನ್ನಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅವನ್ನೂ, 2009ರ ನಂತರ ‘ತಾರಾ’ ಎಂಬ ಹಡಗು ಪೆಸಿಫಿಕ್ ಸಾಗರದಿಂದ ತಂದ ಅದೇ ಜಾತಿಯ ಚಿಪ್ಪುಗಳನ್ನೂ ಸಿಟಿ ಸ್ಕ್ಯಾನ್ ಮಾಡಿ ಹೋಲಿಸಿದ ಅಧ್ಯಯನ 2020ರಲ್ಲಿ ಬಂತು. ಹೊಸ ಚಿಪ್ಪುಗಳೆಲ್ಲವೂ ಹಳೆಯವುಗಳಿಗಿಂತ ತೆಳ್ಳಗಿದ್ದವು, ಕೆಲವು 76 ಶೇಕಡಾದವರೆಗೆ. ಚಿಪ್ಪು ತೆಳ್ಳಗಾಗಲು ಆಮ್ಲತೆಯೊಂದೇ ಕಾರಣವಾಗಿರಬೇಕೆಂದಿಲ್ಲ, ನೀರಿನ ಬಿಸಿ ಮತ್ತು ಆಹಾರವೂ ಸೇರಿರಬಹುದು. ಆದರೂ ಪಿಎಚ್ ಎಂಬ ಪದವೇ ಇಲ್ಲದ ಕಾಲದಲ್ಲಿ, ಯಾವ ಉಪಯೋಗಕ್ಕೆಂದು ಗೊತ್ತಿಲ್ಲದೆ ಎತ್ತಿಟ್ಟ ಸಾಮಾನು ಒಂದೂವರೆ ಶತಮಾನದ ಬಳಿಕ ಕೆಲಸಕ್ಕೆ ಬಂತು.

ಕರಾವಳಿಯ ಲೆಕ್ಕ ಬೇರೆ

ತೆರೆದ ಸಾಗರದ 0.002 ಎಂಬ ಅಂಕಿಯನ್ನು ಹಾಗೆಯೇ ತಂದು ನಮ್ಮ ತೀರಕ್ಕೆ ಅಂಟಿಸಲಾಗದು. ಮಳೆಗಾಲದಲ್ಲಿ ನೈಋತ್ಯ ಮಾರುತದ ಪ್ರಭಾವದಿಂದ ಭಾರತದ ಪಶ್ಚಿಮ ತೀರದ ಉದ್ದಕ್ಕೂ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಬೂತಾಯಿ, ಬಂಗುಡೆಗಳಿಗೆ ಮೇವು ಹುಟ್ಟುವುದು ಆ ನೀರು ತರುವ ಪೋಷಕಾಂಶಗಳಿಂದ. ಆದರೆ ಅದರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಹೆಚ್ಚು, ಹಾಗಾಗಿ ಪಿಎಚ್ ಕಡಿಮೆ. ಇದು ಕಾರ್ಖಾನೆಗಳು ಹುಟ್ಟುವ ಮೊದಲಿನಿಂದಲೂ ನಡೆದುಬಂದ ಕ್ರಮ. ಇದರ ಮೇಲೆ ಚಂದ್ರಗಿರಿ, ಶಿರಿಯದಂತಹ ಹೊಳೆಗಳು ಸುರಿಯುವ ಸಿಹಿನೀರು, ಭರತ-ಇಳಿತ, ಹಗಲು ಪಾಚಿ ಅನಿಲವನ್ನು ಹೀರಿ ರಾತ್ರಿ ಬಿಡುವುದು ಎಲ್ಲ ಸೇರುತ್ತವೆ. ಅಳಿವೆಯ ನೀರಿನಲ್ಲಿ ಬೆಳಗಿನ ಪಿಎಚ್‌ಗೂ ಸಂಜೆಯ ಪಿಎಚ್‌ಗೂ ಇರುವ ವ್ಯತ್ಯಾಸ ತೆರೆದ ಸಾಗರದ ಹಲವು ದಶಕಗಳ ಬದಲಾವಣೆಯನ್ನು ಮೀರಬಹುದು.

ಇಷ್ಟು ಗದ್ದಲದ ನಡುವೆ ನಿಧಾನದ ಇಳಿಕೆ ಕಿವಿಗೆ ಬೀಳಬೇಕಾದರೆ ಎಷ್ಟು ವರ್ಷ ಕೇಳಿಸಿಕೊಳ್ಳಬೇಕು? ಲಂಗರು ಹಾಕಿದ ಹಲವಾರು ತೇಲುಬುರುಡೆಗಳ ಅಂಕಿಗಳಿಂದ 2019ರಲ್ಲಿ ಈ ಲೆಕ್ಕ ಹಾಕಿದ್ದಾರೆ. ತೆರೆದ ಸಾಗರದಲ್ಲಿ 8ರಿಂದ 15 ವರ್ಷ, ಹವಳದಿಬ್ಬಗಳಲ್ಲಿ 9ರಿಂದ 22 ವರ್ಷ, ಕರಾವಳಿಯಲ್ಲಿ 16ರಿಂದ 41 ವರ್ಷ. ಅದಕ್ಕಿಂತ ಮೊದಲು ಕರಾವಳಿಯ ಬಗ್ಗೆ ಖಡಾಖಂಡಿತವಾಗಿ ‘ಆಗಿದೆ’ ಎಂದರೂ ‘ಆಗಿಲ್ಲ’ ಎಂದರೂ ಅದು ಅವಸರದ ಮಾತೇ.

ಭಾರತದಲ್ಲಿ ಈ ಕೆಲಸಕ್ಕೆ ತಳಹದಿ ಇಲ್ಲದಿಲ್ಲ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1966ರಲ್ಲಿ ಸ್ಥಾಪನೆಯಾಯಿತು. 1990ರ ದಶಕದಲ್ಲಿ ಅರಬ್ಬೀ ಸಮುದ್ರದ ಇಂಗಾಲದ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆ ದಶಕದ ಕೊನೆಯಿಂದ ಇದೇ ಸಂಸ್ಥೆ ಗೋವಾದ ಕಾಂದೋಳಿ ಎದುರಿನ ಕಡಲಿನಲ್ಲಿ ಒಂದೇ ಸ್ಥಳದಿಂದ ಮತ್ತೆ ಮತ್ತೆ ಮಾದರಿ ತೆಗೆಯುತ್ತಾ ಬಂದಿದೆ. ಅದರ ಮುಖ್ಯ ಗಮನ ಆಮ್ಲಜನಕದ ಕೊರತೆಯ ಕಡೆಗೆ. ಬಂಗಾಳ ಕೊಲ್ಲಿಯಲ್ಲಿ 15 ಡಿಗ್ರಿ ಉತ್ತರ, 90 ಡಿಗ್ರಿ ಪೂರ್ವದಲ್ಲಿ, ಆಮ್ಲೀಕರಣವನ್ನು ಅಳೆಯಲೆಂದೇ ಸಜ್ಜುಗೊಳಿಸಿದ ತೇಲುಬುರುಡೆಯೊಂದನ್ನು 2013ರ ನವೆಂಬರಿನಲ್ಲಿ ಲಂಗರು ಹಾಕಲಾಯಿತು.

ಅಳತೆಯಿಂದ ಮೀನುಗಾರರಿಗೇನು ಪ್ರಯೋಜನ ಎಂದು ಕೇಳುವವರಿಗೆ ಅಮೆರಿಕದ ಒರೆಗಾನ್ ತೀರದಲ್ಲಿ ಉತ್ತರವಿದೆ. ಅಲ್ಲಿಯ ನೆಟಾರ್ಟ್ಸ್ ಕೊಲ್ಲಿಯ ದಡದ ಸಿಂಪಿಮರಿ ಕೇಂದ್ರವೊಂದರಲ್ಲಿ 2007-08ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ರೋಗವೆಂದು ಭಾವಿಸಿದರು. ಕೊಳವೆಯಲ್ಲಿ ಬರುವ ನೀರಿನ ರಸಾಯನವನ್ನು ಬಿಡದೆ ಅಳೆಯತೊಡಗಿದ ಮೇಲೆ ವಿಷಯ ಬೆಳಕಿಗೆ ಬಂತು: ಗಾಳಿ ಬೀಸಿ ಆಳದ ನೀರು ಮೇಲೆದ್ದ ದಿನಗಳಲ್ಲಿ, ಚಿಪ್ಪು ಕಟ್ಟಲು ತೊಡಗುವ ಮರಿಗೆ ಆ ನೀರು ಒಗ್ಗುತ್ತಿರಲಿಲ್ಲ. ಈಗ ಅಂಕಿ ನೋಡಿಕೊಂಡು ನೀರು ತುಂಬುವ ಹೊತ್ತನ್ನು ಆರಿಸುತ್ತಾರೆ, ಬೇಕಾದಾಗ ಕ್ಷಾರ ಬೆರೆಸುತ್ತಾರೆ.

ಇಂತಹ ದಿನನಿತ್ಯದ ಉಪಯೋಗಕ್ಕೆ 0.02ರಷ್ಟು ಖಚಿತತೆ ಸಾಕು. ಆಮ್ಲೀಕರಣ ನಿಗಾ ಇಡುವ ಜಾಗತಿಕ ಜಾಲ ಅದನ್ನು ‘ಹವೆ’ ದರ್ಜೆ ಎಂದು ಕರೆಯುತ್ತದೆ. ದಶಕಗಳ ಬದಲಾವಣೆ ಹಿಡಿಯುವ ‘ಹವಾಮಾನ’ ದರ್ಜೆಗೆ 0.003 ಬೇಕು, ಅದು ದೊಡ್ಡ ಪ್ರಯೋಗಾಲಯಗಳ ಕೆಲಸ. ಮೊದಲನೆಯದು ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಎಟುಕದ್ದೇನಲ್ಲ. ನಮ್ಮ ಕಡೆಯ ಅಧ್ಯಾಪಕರೋ ವಿದ್ಯಾರ್ಥಿಗಳೋ ಇದನ್ನು ಕೈಗೆತ್ತಿಕೊಳ್ಳುವುದಾದರೆ ಜಾಗ ಒಂದೇ ಇರಲಿ, ಭರತ-ಇಳಿತದ ಹೊತ್ತೂ ಒಂದೇ ಇರಲಿ. ಪಿಎಚ್ ಪಕ್ಕದಲ್ಲಿ ತಾರೀಕು, ಗಂಟೆ, ನೀರಿನ ಉಷ್ಣತೆ, ಲವಣಾಂಶ, ಹಿಂದಿನ ದಿನದ ಮಳೆ, ಮೀಟರಿನ ಹೆಸರು, ಅದನ್ನು ಯಾವ ದ್ರಾವಣದಿಂದ ಯಾವತ್ತು ಸರಿಹೊಂದಿಸಿದ್ದು ಎಂಬುದನ್ನೂ ಬರೆಯಿರಿ. ಮೀಟರು ಬದಲಿಸುವಾಗ ಹಳೆಯದನ್ನು ಕೂಡಲೇ ಎಸೆಯದೆ ಕೆಲವು ತಿಂಗಳು ಎರಡರಲ್ಲೂ ಒಟ್ಟಿಗೆ ಅಳೆಯಿರಿ. ಪುಸ್ತಕವನ್ನು ವಿಭಾಗದಲ್ಲೇ ಇಟ್ಟು, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ.